ಪೇಂಟ್ ಮೇಲೆ, ತೂತು ಕೆಳಗೆ

ಎಚ್.ಡಿ. ಕೋಟೆಯಲ್ಲಿ ಮದುವೆ ಮುಗಿಸಿಕೊಂಡು ಹುಣಸೂರಿಗೆ ವಾಪಸು ಬರುತ್ತಿದ್ದೆವು. ಮಳೆ ಆಗಷ್ಟೇ ನಿಂತಿತ್ತು. ಚಕ್ರ ಗುಂಡಿಗೆ ಇಳಿದದ್ದೇ ತಡ, ಹಿಂದಿನ ಸೀಟಿನಲ್ಲಿದ್ದ ಅಮ್ಮ ‘ಅಯ್ಯೋ, ನನ್ನ ಸೀರೆ!’ ಅಂದರು. ಕಿಟಕಿಗಳೆಲ್ಲ ಮುಚ್ಚಿದ್ದವು. ಕೆಂಪು ನೀರು ಚಿಮ್ಮಿದ್ದು ಕಾಲಡಿಯಿಂದ. ಮನೆಗೆ ಬಂದು ಮ್ಯಾಟ್ ಎತ್ತಿದರೆ ಅಂಗೈ ಅಗಲದ ತೂತು, ಅದರಲ್ಲಿ ನಮ್ಮ ಅಂಗಳ ಕಾಣುತ್ತಿತ್ತು.

ಅದು ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ. ಮನೆಯಲ್ಲಿ ಯಾರೂ ಪದ್ಮಿನಿ ಅನ್ನುವುದಿಲ್ಲ, ಫಿಯಟ್ಟೇ. ಆ ಮಳೆಗೆ ಎಂಟು ತಿಂಗಳ ಮುಂಚೆ 48,000 ರೂಪಾಯಿ ಕೊಟ್ಟು ಅದಕ್ಕೆ ಪೂರ್ತಿ ಪೇಂಟ್ ಮಾಡಿಸಿದ್ದೆ. ನೋಡಿದವರೆಲ್ಲ ಹೊಗಳಿದ್ದರು. ಹಣದ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವ ನಾನು ಕಾರಿನ ಕೆಳಗೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಇಷ್ಟು ತುಕ್ಕು ಎಲ್ಲಿಂದ ಬಂತು ಎಂದು ಹುಡುಕಿದರೆ ಸುಳಿವು ಸಿಕ್ಕಿದ್ದು ಡಿಕ್ಕಿಯಲ್ಲಿ. ಅಮ್ಮನ ತವರು ಕೆ.ಆರ್. ನಗರದ ಕಡೆ. ಅಲ್ಲಿಯ ಭತ್ತದ ಗದ್ದೆಗೆ ಅಪ್ಪ ವರ್ಷಾನುಗಟ್ಟಲೆ ಪೊಟ್ಯಾಷ್ ಮೂಟೆಗಳನ್ನು ಇದರಲ್ಲೇ ಸಾಗಿಸಿದ್ದರು. ಮ್ಯೂರಿಯೇಟ್ ಪೊಟ್ಯಾಷ್ ಎಂದರೆ ಕ್ಲೋರೈಡ್ ಉಪ್ಪು. ಒಡೆದ ಮೂಟೆಯಿಂದ ಉದುರಿದ ಹರಳು ಗಾಳಿಯ ತೇವ ಹೀರಿ ತಗಡನ್ನು ತಿನ್ನುತ್ತದೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರಿಗೆ ಈ ಉಪ್ಪು ಆಗಿಬರುವುದಿಲ್ಲ. ಕ್ಲೋರಿನ್ ಹೆಚ್ಚಾದರೆ ಎಲೆ ಸರಿಯಾಗಿ ಉರಿಯದು, ಅದಕ್ಕೇ ಅವರು ಸಲ್ಫೇಟ್ ಪೊಟ್ಯಾಷ್ ಹಾಕುತ್ತಾರೆ. ಎಲೆಯ ಮೇಲೆ ಅವರಿಗಿದ್ದ ಕಾಳಜಿ ಕಾರಿನ ಮೇಲೆ ನಮಗಿರಲಿಲ್ಲ.

ಕೆಳಭಾಗಕ್ಕೆ ಮೈಸೂರಿನ ಒಂದು ಗ್ಯಾರೇಜಿನವರು 65,000 ಕೇಳಿದರು. ಹುಣಸೂರಿನ ಟಿಂಕರಿಂಗ್ ಹುಡುಗ ಸ್ಕ್ರೂಡ್ರೈವರ್ ತಗೊಂಡು ಅಲ್ಲಲ್ಲಿ ಚುಚ್ಚಿ, ‘ಅಣ್ಣ, ಪುಟ್ಟಿ ಮೆತ್ತುದ್ರೆ ಎರಡು ಮಳೆ ತಡೀತದೆ. ತುಕ್ಕನ್ನ ನೀವೇ ಉಜ್ಜಿ ಕೊಡಿ, ನಾನು ಬಂದು ವೆಲ್ಡಿಂಗ್ ಮಾಡ್ಕೊಡ್ತೀನಿ’ ಅಂದ. ಈ ಮಾತೇ ನನಗೆ ಹಣ ಉಳಿಸಿದ್ದು. ಗ್ಯಾರೇಜಿನ ಬಿಲ್ಲಿನಲ್ಲಿ ಬಹುಪಾಲು ಉಜ್ಜುವ ಕೂಲಿ. ಅದಕ್ಕೆ ಬೇಕಾದದ್ದು ಕೈಚಳಕ ಅಲ್ಲ, ತಾಳ್ಮೆ.

ಸಾಲ ಮಾಡಲಿಲ್ಲ. ಜಾಗಕ್ಕೂ ಖರ್ಚಾಗಲಿಲ್ಲ: ಕಟ್ಟೆಮಳಲವಾಡಿಯ ಹೊಗೆಸೊಪ್ಪಿನ ಹರಾಜು ಮುಗಿದ ಮೇಲೆ ತಮ್ಮನ ಶೆಡ್ಡು ಖಾಲಿ. ಜುಲೈನಲ್ಲಿ ಎಲೆ ಹದಮಾಡುವ ಬ್ಯಾರನ್ನಿಗೆ ಬೆಂಕಿ ಹಾಕುವಷ್ಟರಲ್ಲಿ ಶೆಡ್ಡು ಬಿಟ್ಟುಕೊಡಬೇಕು ಅಂತ ಅವನ ಕರಾರು. ಬಾಡಿಗೆ ಇಲ್ಲ, ಗಡುವು ಮಾತ್ರ ಇತ್ತು. ತಿಂಗಳ ಸಂಬಳದಲ್ಲಿ ಉಳಿದಷ್ಟಕ್ಕೆ ಸಾಮಾನು ತಂದು, ಅಷ್ಟಕ್ಕೇ ಕೆಲಸ.

ಜಾಕ್ ನಂಬಿ ಕಾರಿನ ಕೆಳಗೆ ಮಲಗಬೇಡಿ. ನಾನು ಸಾಮಿಲ್ಲಿನಿಂದ ದಪ್ಪ ಮರದ ತುಂಡುಗಳನ್ನು ತಂದು ನಾಲ್ಕೂ ಕಡೆ ಕೊಟ್ಟೆ. ವೆಲ್ಡಿಂಗ್‌ಗೆ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟೆವು, ಬ್ಯಾಟರಿ ಬಿಚ್ಚಿದೆವು. ಫಿಯಟ್ಟಿಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ, ತಗಡೇ ಚಾಸಿ. ಎರಡೂ ಪಕ್ಕ ಒಟ್ಟಿಗೆ ಕತ್ತರಿಸಿದರೆ ನಡು ಜೋತುಬಿದ್ದು ಆಮೇಲೆ ಬಾಗಿಲು ಹಾಕಿಕೊಳ್ಳುವುದಿಲ್ಲ. ಒಂದು ತುಂಡು ಕತ್ತರಿಸಿ, ಅದನ್ನು ಕೂಡಿಸಿದ ಮೇಲೇ ಇನ್ನೊಂದು. ವೈರ್ ಬ್ರಷ್ಷಿನಿಂದ ಉಜ್ಜಿ ಬಿಳಿ ತಗಡು ಕಂಡ ಮೇಲೆ, ಸಂದಿಯಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್, ಆಮೇಲೆ ಪ್ರೈಮರ್, ಕೊನೆಗೆ ಅಂಡರ್‌ಕೋಟ್. ಅವಸರಕ್ಕೆ ಒಂದು ಕಡೆ ತುಕ್ಕಿನ ಮೇಲೇ ಅಂಡರ್‌ಕೋಟ್ ಬಳಿದಿದ್ದೆ. ಒಂದೇ ತಿಂಗಳಿಗೆ ಚಕ್ಕೆ ಎದ್ದಿತು. ಹಳೇ ಇಂಜಿನ್ ಆಯಿಲ್ ಬಳಿಯಿರಿ ಎನ್ನುವ ಹಿರಿಯರೂ ಸಿಕ್ಕರು. ಅದು ರಬ್ಬರ್ ಬುಷ್‌ಗಳನ್ನು ಮೆತ್ತಗೆ ಮಾಡುತ್ತದೆ, ಬೇಡ.

ಲೆಕ್ಕಕ್ಕೆ ಬರೋಣ. ಗ್ರೈಂಡರ್ 2,600. ಬ್ರಷ್, ಡಿಸ್ಕ್, ಕನ್ನಡಕ, ಮಾಸ್ಕ್ 3,200. ತಗಡು 2,800. ವೆಲ್ಡಿಂಗ್ ಐದು ದಿನಕ್ಕೆ 7,500. ಕನ್ವರ್ಟರಿನಿಂದ ಅಂಡರ್‌ಕೋಟ್‌ವರೆಗೆ 6,900. ಬಿಚ್ಚಿದ ಮೇಲೆ ಕಂಡ ಬ್ರೇಕ್ ಪೈಪು, ಬುಷ್ಷು 4,100. ಒಟ್ಟು 27,100. ಗ್ಯಾರೇಜಿನವರು ಕೇಳಿದ 65,000ದಲ್ಲಿ ಉಳಿದದ್ದು 37,900. ಹೋದದ್ದು ಹದಿನಾರು ಭಾನುವಾರ, ಭಾನುವಾರಕ್ಕೆ ಸುಮಾರು 2,370 ರೂಪಾಯಿಯ ಕೂಲಿ ಬಿದ್ದಂತಾಯಿತು. ಹೆಂಡತಿ ಈ ಲೆಕ್ಕ ಒಪ್ಪುವುದಿಲ್ಲ. ಅವಳ ಪ್ರಕಾರ ಆ ಹದಿನಾರು ಭಾನುವಾರಗಳಿಗೆ ಬೆಲೆ ಬೇರೆ.

ವೆಲ್ಡಿಂಗ್ ಕಾವಿಗೆ ಬಾಗಿಲ ಕೆಳಗಿನ ಹೊಸ ಪೇಂಟ್ ಸುಟ್ಟು ಬೊಬ್ಬೆ ಎದ್ದಿತು. ಅದಕ್ಕೆ ಮತ್ತೆ 9,000. ಕೆಳಗಿನ ಕೆಲಸ ಮೊದಲು ಮಾಡಿದ್ದರೆ ಈ ದುಡ್ಡು ಉಳಿಯುತ್ತಿತ್ತು.

ಇನ್ಶೂರೆನ್ಸ್ ಕಡೆ ನೋಡಬೇಡಿ, ಸವೆತ ಮತ್ತು ತುಕ್ಕಿಗೆ ಪಾಲಿಸಿ ಹಣ ಕೊಡುವುದಿಲ್ಲ. ವಿಂಟೇಜ್ ನೋಂದಣಿಗೆ 50 ವರ್ಷ ದಾಟಿರಬೇಕು. ಆಗಲೂ ಆ ಕಾರನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. 2025ರ ಆಗಸ್ಟ್‌ನಿಂದ 20 ವರ್ಷ ಮೀರಿದ ಕಾರಿನ ಆರ್‌ಸಿ ನವೀಕರಣ ಶುಲ್ಕವೇ 10,000 ರೂಪಾಯಿ, ಅದೂ ಐದೇ ವರ್ಷಕ್ಕೆ. ಮಾರುವಾಗ ಕೆಳಗೆ ಹಾಕಿದ ದುಡ್ಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಇದು ಹೂಡಿಕೆ ಅಲ್ಲ, ಅಪ್ಪನ ಕಾರಿನ ಖರ್ಚು. ಲೆಕ್ಕದ ಪುಸ್ತಕದಲ್ಲಿ ಹಾಗೇ ಬರೆದಿದ್ದೇನೆ.

ನಿಮ್ಮ ಮನೆಯಲ್ಲೂ ಹಳೇ ಫಿಯಟ್ ನಿಂತಿದ್ದರೆ, ಪೇಂಟಿನವರಿಗೆ ಅಡ್ವಾನ್ಸ್ ಕೊಡುವ ಮುಂಚೆ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರಿನಿಂದ ನಾಲ್ಕು ಕಡೆ ಚುಚ್ಚಿ ನೋಡಿ. ಡಿಕ್ಕಿಯಲ್ಲೂ ಒಮ್ಮೆ.