ಒತ್ತಿದಷ್ಟೇ ನೀರು

2023ರಲ್ಲಿ ಇಂಗ್ಲೆಂಡಿನ ಮಗಳ ಮನೆಗೆ ಹೋಗಿದ್ದಾಗ, ವೇಲ್ಸ್‌ನ ಬೆಟ್ಟದ ತಪ್ಪಲಲ್ಲಿ ಮೂರು ರಾತ್ರಿ ಟೆಂಟಿನಲ್ಲಿದ್ದೆವು. ಬಚ್ಚಲಿನಲ್ಲಿ ತಿರುಗಿಸುವ ನಲ್ಲಿ ಇರಲಿಲ್ಲ, ಗೋಡೆಗೊಂದು ಸ್ಟೀಲ್ ಗುಂಡಿ ಮಾತ್ರ. ಒತ್ತಿದೆ. ಮೊದಲು ತಣ್ಣೀರು ಬಂತು, ಬೆಚ್ಚಗಾಗುವಷ್ಟರಲ್ಲಿ ನಿಂತಿತು. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದೆ.

ಯಶವಂತಪುರದಲ್ಲಿ ರೈಲು ಹತ್ತಿದವರಿಗೆಲ್ಲ ಬೋಗಿಯ ಒತ್ತುವ ನಲ್ಲಿ ಗೊತ್ತು. ಅದು ಕೈ ಬಿಟ್ಟರೆ ನಿಲ್ಲುತ್ತದೆ. ಇದು ಹಾಗಲ್ಲ. ಗುಂಡಿಯ ಹಿಂದೆ ಸ್ಪ್ರಿಂಗು, ಪುಟ್ಟದೊಂದು ಗೂಡು. ಒತ್ತಿದಾಗ ಖಾಲಿಯಾದ ಗೂಡು, ಸೂಜಿಮೊನೆಯಂಥ ತೂತಿನಿಂದ ಮತ್ತೆ ತುಂಬುವವರೆಗೆ ಮಾತ್ರ ಶವರ್. ಕರೆಂಟ್ ಬೇಡ. ಎರಡನೇ ದಿನಕ್ಕೆ ರೂಢಿಯಾಯಿತು: ಮೊದಲೆರಡು ಸಲದ ನೀರಿನಲ್ಲಿ ಕಾಲು ತೊಳೆಯುವುದು, ನಿಂತಾಗ ಸೋಪು, ಎರಡೂ ಕೈ ಕೂದಲಿನಲ್ಲಿದ್ದಾಗ ಬೆನ್ನಿನಿಂದಲೇ ಗುಂಡಿ ಒತ್ತುವುದು.

ಮರುವರ್ಷ ಮಾರ್ಚಿನಲ್ಲಿ ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿತು. ಟ್ಯಾಂಕರಿಗೆ ಕಾಯುವ ದಿನಗಳು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ಅಸೋಸಿಯೇಷನ್ ಸಭೆಯಲ್ಲಿ ನಾನೇ ಎದ್ದು ವೇಲ್ಸ್‌ನ ಗುಂಡಿಯ ಸಂಗತಿ ಹೇಳಿದೆ. ಜಿಮ್ಮಿನ ಶವರಿಗೂ ಕೆಲಸದವರ ಬಚ್ಚಲಿಗೂ ಹಾಕಿಸಿದರು.

ವಾರ ಕಳೆದಿರಲಿಲ್ಲ, ಕಸ ಗುಡಿಸುವಾಕೆ ಲಿಫ್ಟಿನ ಹತ್ತಿರ ನಿಲ್ಲಿಸಿ, ‘ಅಮ್ಮಾ, ಒಂದು ಬಕೆಟ್ ತುಂಬೋಕೆ ಎಷ್ಟು ಸಲ ಒತ್ತಬೇಕು ಗೊತ್ತಾ? ಹೆಬ್ಬೆರಳು ನೋಯ್ತದೆ’ ಎಂದಳು. ಹೋಗಿ ನೋಡಿದರೆ ಗುಂಡಿಗೆ ಕಡ್ಡಿ ಸಿಕ್ಕಿಸಿದ್ದರು. ಅವರ ತಪ್ಪೇನೂ ಇರಲಿಲ್ಲ. ಮೈಮೇಲೆ ನೇರ ಸುರಿಯುವ ನೀರಿಗೆ ಗುಂಡಿ ಬೇಕು. ಬಕೆಟ್ಟೇ ಒಂದು ಅಳತೆ. ಇಪ್ಪತ್ತು ಲೀಟರಿನ ಒಂದು ಬಕೆಟ್‌ನಲ್ಲಿ ಆಕೆ ಸ್ನಾನ ಮುಗಿಸುತ್ತಿದ್ದಳು. ನಿಮಿಷಕ್ಕೆ ಎಂಟು ಲೀಟರ್ ಬೀಳುವ ಶವರಿನಡಿ ಹತ್ತು ನಿಮಿಷ ನಿಂತರೆ ನಾಲ್ಕು ಬಕೆಟ್. ಹಾಗೆ ನಿಲ್ಲುತ್ತಿದ್ದವರು ಮೇಲಿನ ಫ್ಲ್ಯಾಟುಗಳ ನಾವು. ಎಲ್ಲರಿಗಿಂತ ಕಡಿಮೆ ನೀರು ಬಳಸುವವರಿಗೆ ಕಡಿವಾಣ ಹಾಕಿದ್ದೆ ಎಂಬುದು ಈಗಲೂ ನನ್ನನ್ನು ಚುಚ್ಚುತ್ತದೆ. ಯೋಜನೆ ಹೇಳುವ ಮೊದಲು ಆ ಬಚ್ಚಲಿಗೆ ಒಮ್ಮೆ ಹೋಗಿ ಬರಬೇಕಿತ್ತು, ಆಕೆಯನ್ನು ಕೇಳಬೇಕಿತ್ತು.

ಜಿಮ್ಮಿನದು ಬೇರೆ ಪಾಠ. ನಮ್ಮಲ್ಲಿಗೆ ಬರುವ ನೀರು ಗಡಸು. ನಾಲ್ಕು ತಿಂಗಳಿಗೇ ಆ ಸಣ್ಣ ತೂತಿನಲ್ಲಿ ಬಿಳಿ ಕಿಟ್ಟ ಕಟ್ಟಿತು. ತೂತು ಕಟ್ಟಿದರೆ ಗೂಡು ತುಂಬುವುದಿಲ್ಲ, ಗೂಡು ತುಂಬದಿದ್ದರೆ ನೀರು ನಿಲ್ಲುವುದಿಲ್ಲ. ಒಂದು ರಾತ್ರಿಯಿಡೀ ಹರಿದು ಹೋಯಿತು. ಈಗ ಪ್ಲಂಬರ್ ತಿಂಗಳಿಗೊಮ್ಮೆ ಒಳಗಿನ ಭಾಗ ಬಿಚ್ಚಿ ವಿನೆಗರಿನಲ್ಲಿ ನೆನೆಹಾಕುತ್ತಾನೆ.

ಕೆಲಸದವರ ಬಚ್ಚಲಿಗೆ ತಿರುಗಿಸುವ ನಲ್ಲಿ ಮರಳಿತು. ಅಲ್ಲಿಂದ ಬಿಚ್ಚಿದ ಗುಂಡಿಯನ್ನು ನಮ್ಮ ಮನೆಯ ಶವರಿಗೆ ಹಾಕಿಸಿಕೊಂಡೆ. ತಲೆಸ್ನಾನದ ದಿನ ಮಾತ್ರ ಬಕೆಟ್ಟು, ಚೊಂಬು.