ಕಾರ್ಡ್ ಸಾಲಕ್ಕೆ ತಾಳಿಸರ ಅಡವಿಡಬೇಡಿ

ಯಜಮಾನರ ಆಸ್ಪತ್ರೆ ಬಿಲ್ಲನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ, ತಿಂಗಳು ತಿಂಗಳೂ ‘ಮಿನಿಮಮ್ ಡ್ಯೂ’ ಮಾತ್ರ ತುಂಬುತ್ತಿದ್ದರೆ ಅಸಲು ಬೇಗ ಕರಗುವುದಿಲ್ಲ. ಆಮೇಲೆ ಅದನ್ನೂ ಕಟ್ಟಲಾಗದಿದ್ದರೆ ವಸೂಲಿಯವರ ಫೋನು ಶುರು. ಹಿರಿಯರೇ, ಮಾನ ಹೋಯಿತೆಂದು ಕುಗ್ಗಬೇಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಅವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಗಂಡನ ಕಾರ್ಡಿನ ಬಾಕಿಗೆ, ಹೆಂಡತಿ ಎಂಬ ಒಂದೇ ಕಾರಣಕ್ಕೆ ಆಕೆ ಹೊಣೆಯಲ್ಲ. ಸರ್ಕಾರಿ ಪಿಂಚಣಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಜಪ್ತಿಯಿಂದ ಕಾಪಾಡುತ್ತದೆ. ತಾಳಿಸರ ಅಡವಿಡುವ ಮುನ್ನ ಇಷ್ಟು ತಿಳಿದಿರಲಿ.

ತೀರಿಸಲು ದಾರಿಯೇ ಇಲ್ಲದವರು 1920ರ ಕಾಯ್ದೆಯಡಿ ನ್ಯಾಯಾಲಯಕ್ಕೆ ದಿವಾಳಿ ಅರ್ಜಿ ಹಾಕಬಹುದು. ಆದರೆ ಅರ್ಜಿ ಹಾಕಿದ್ದೇವಲ್ಲ ಎಂದು ಬ್ಯಾಂಕ್ ಹೂಡಿದ ದಾವೆಯಲ್ಲಿ ಬಂದ ಸಮನ್ಸನ್ನು ಬೀರುವಿಗೆ ಸೇರಿಸಬೇಡಿ. ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗಬಹುದು. ಮೊತ್ತದ ತಕರಾರನ್ನು ಬ್ಯಾಂಕಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ಅದಕ್ಕೆ ಶುಲ್ಕವಿಲ್ಲ.