ಮೋಟಾರು ಗಾಡಿಯ ರಿಮೋಟ್ ಕೀಲಿಕೈ ಮತ್ತು ಅದರೊಳಗಿನ ಚಿಪ್

ರೋಣ ತಾಲೂಕಿನ ಬೆಳವಣಕಿಯ ಸುತ್ತಲಿನ ಎರೆಯ ಸೀಮೆಯಲ್ಲಿ ಹತ್ತಿ, ಕಡಲೆ, ಉಳ್ಳಾಗಡ್ಡಿಗಳನ್ನು ಪೇಟೆಗೆ ಸಾಗಿಸಲು ಚಕ್ಕಡಿಗೆ ಬದಲಾಗಿ ಪಿಕಪ್ ಗಾಡಿಗಳೇ ಈಗ ಹೆಚ್ಚಾಗಿ ಬಳಕೆಯಲ್ಲಿರುವವು. ಎತ್ತಿನ ರೋಗವನ್ನು ನಮ್ಮ ಒಕ್ಕಲಿಗರು ದೂರದಿಂದಲೇ ಗುರುತಿಸುವರು. ಆದರೆ ಈ ಗಾಡಿಗಳ ಕೀಲಿಕೈಯ ವಿಷಯದಲ್ಲಿ ತಿಳಿವಳಿಕೆಯು ಇನ್ನೂ ಸಾಲದು.

ಕಳೆದ ಹಂಗಾಮಿನಲ್ಲಿ ಒಬ್ಬ ಸಾಗುವಳಿದಾರರು ಉಳ್ಳಾಗಡ್ಡಿಯ ಚೀಲಗಳನ್ನು ಹೇರಿಸಿ, ನಸುಕಿನಲ್ಲಿ ಗದಗಿನ ಪೇಟೆಗೆ ಹೊರಡಲು ಅಣಿಯಾದರು. ಎಂಜಿನ್ನು ಒಂದು ಕ್ಷಣ ಹತ್ತಿದಂತೆ ಮಾಡಿ ನಿಂತಿತು. ಬ್ಯಾಟರಿಯನ್ನು ಬದಲಿಸಿದರು, ಡೀಸೆಲ್ ಫಿಲ್ಟರನ್ನು ಬಿಚ್ಚಿಸಿದರು, ಫಲವಾಗಲಿಲ್ಲ. ಮಳೆಯ ಮೋಡವಿದ್ದುದರಿಂದ ಮಾಲಿನ ಮೇಲೆ ತಾಡಪತ್ರಿ ಹೊದಿಸಿದ್ದರು. ಗಾಳಿಯಿಲ್ಲದೆ ಉಳ್ಳಾಗಡ್ಡಿಯು ಬೆವೆತು ಕೊಳೆಯಹತ್ತಿತು. ಮೂರನೆಯ ದಿವಸ ಪೆಟ್ಟಿಗೆಯ ತಳದಲ್ಲಿ ಮರೆತಿದ್ದ ಎರಡನೆಯ ಕೀಲಿಕೈಯನ್ನು ತಂದು ತಿರುವಲು ಗಾಡಿಯು ಕೂಡಲೇ ಹೊರಟಿತು! ವಿಚಾರಿಸಲಾಗಿ, ಹೊರಡುವ ಹಿಂದಿನ ದಿನ ಮಗನು ಕೀಲಿಕೈಯನ್ನಷ್ಟೇ ಪಟ್ಟಣಕ್ಕೆ ಒಯ್ದು, ಅದರ ಒಡೆದ ಪ್ಲಾಸ್ಟಿಕ್ ಕವಚವನ್ನು ಬದಲಿಸಿಕೊಂಡು ಬಂದಿದ್ದನೆಂದು ತಿಳಿಯಿತು. ಚಿಪ್ ಹಳೆಯ ಕವಚದಲ್ಲಿಯೇ ಉಳಿದು, ಅಂಗಡಿಯ ಕಸದ ಪಾಲಾಗಿದ್ದಿತು.

ಹೀಗಾಗುವದೇಕೆಂಬುದನ್ನು ನೋಡೋಣ. ಒಂದೇ ಕೀಲಿಕೈಯಲ್ಲಿ ಬೇರೆ ಬೇರೆ ಕೆಲಸ ಮಾಡುವ ಮೂರು ಭಾಗಗಳಿರುವವು. ಲೋಹದ ಅಲಗು ಬಾಗಿಲ ಕೀಲಿಯನ್ನೂ ಎಂಜಿನ್ನಿನ ಕೀಲಿಯನ್ನೂ ತಿರುವುವದು. ಗುಂಡಿಗಳುಳ್ಳ ರಿಮೋಟ್ ಭಾಗವು ರೇಡಿಯೋ ಅಲೆಗಳಿಂದ ಬಾಗಿಲನ್ನು ತೆರೆಯುವದು. ಇದಕ್ಕೆ ಬಿಲ್ಲೆಯಾಕಾರದ ಸಣ್ಣ ಸೆಲ್ ಬೇಕು. ಮೂರನೆಯದೇ ಚಿಪ್. ಅದು ಕೆಲವು ಕೀಲಿಕೈಗಳಲ್ಲಿ ಜೋಳದ ಕಾಳಿಗಿಂತ ಉದ್ದನೆಯ ಗಾಜಿನ ನಳಿಕೆಯಂತೆ, ಕೆಲವುಗಳಲ್ಲಿ ಕರಿಯ ಚಿಕ್ಕ ತುಂಡಿನಂತೆ ಇರುವದು. ಕವಚದ ಮೂಲೆಯಲ್ಲಿ ಸಿಕ್ಕಿಸಿರುವದರಿಂದ ಅರಿಯದವರ ಕಣ್ಣಿಗೆ ಬೀಳದು.

ಈ ಚಿಪ್ಪಿಗೆ ಸೆಲ್ಲಿನ ಹಂಗಿಲ್ಲ. ಕೀಲಿಯ ಬಾಯಿಯ ಸುತ್ತಲೂ ತಂತಿಯ ಸುರುಳಿಯೊಂದಿದ್ದು, ಕೀಲಿಕೈಯನ್ನು ತಿರುವಿದೊಡನೆ ಅದರಲ್ಲಿ, ಬಹಳ ಗಾಡಿಗಳಲ್ಲಿ ಸೆಕೆಂಡಿಗೆ ೧,೨೫,೦೦೦ ಆವರ್ತಗಳುಳ್ಳ ಪರ್ಯಾಯ ವಿದ್ಯುತ್ತು ಹರಿಯುವದು. ಆ ಕಾಂತಕ್ಷೇತ್ರದಿಂದಲೇ ಚಿಪ್ ಶಕ್ತಿಯನ್ನು ಪಡೆದು ತನ್ನ ಗುಪ್ತ ಸಂಖ್ಯೆಯನ್ನು ತಿಳಿಸುವದು. ಹೊಸ ಬಗೆಯವು ಗಾಡಿಯು ಕೇಳಿದ ಪ್ರಶ್ನೆಗೆ ಪ್ರತಿಸಲವೂ ಬೇರೆ ಉತ್ತರವನ್ನು ಲೆಕ್ಕಮಾಡಿ ಕೊಡುವವು. ಉತ್ತರವು ಹೊಂದದಿದ್ದರೆ ಎಂಜಿನ್ನಿನ ಕಂಪ್ಯೂಟರು ಇಂಧನವನ್ನೋ ಸ್ಟಾರ್ಟರನ್ನೋ ತಡೆದುಬಿಡುವದು. ಈ ಏರ್ಪಾಟಿಗೆ ಇಮೊಬಿಲೈಸರ್ ಎಂದು ಹೆಸರು. ಯುರೋಪಿನ ಒಕ್ಕೂಟದಲ್ಲಿ ೧೯೯೮ನೆಯ ಅಕ್ಟೋಬರದಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯಪಡಿಸಲಾಯಿತು.

ಹಳೆಯ ಟ್ರ್ಯಾಕ್ಟರುಗಳ ಕೀಲಿಕೈ ಬರಿಯ ಲೋಹದ ತುಂಡು. ಒಬ್ಬರದು ಇನ್ನೊಬ್ಬರ ಟ್ರ್ಯಾಕ್ಟರಿಗೆ ಹೊಂದುವದೂ ಉಂಟು. ಅದೇ ರೂಢಿಯಿಂದ ಪಿಕಪ್ಪಿನದನ್ನೂ ಸಂತೆಯಲ್ಲಿ ಕೊರೆಯಿಸಿಕೊಂಡು ಬಂದರೆ ಬಾಗಿಲು ತೆರೆಯಬಹುದು, ಎಂಜಿನ್ನು ಮಾತ್ರ ಹತ್ತದು.

ದೋಷವೆಲ್ಲಿದೆಯೆಂದು ತಿಳಿಯಲು ಮೊದಲು ಎರಡನೆಯ ಕೀಲಿಕೈಯನ್ನು ಹಾಕಿ ನೋಡತಕ್ಕದ್ದು. ಅದರಿಂದ ಎಂಜಿನ್ನು ಹತ್ತಿದರೆ ಮೊದಲಿನ ಕೀಲಿಕೈಯಲ್ಲಿಯೇ ಕೆಡುಕಿದೆ. ಎರಡರಿಂದಲೂ ಹತ್ತದೆ, ಮುಂದಿನ ಫಲಕದಲ್ಲಿ ಕೀಲಿಯ ಚಿತ್ರವುಳ್ಳ ದೀಪವು ಮಿನುಗುತ್ತಿದ್ದರೆ ಸುರುಳಿ, ತಂತಿ ಇಲ್ಲವೆ ಗಾಡಿಯ ಬ್ಯಾಟರಿಯನ್ನು ಪರೀಕ್ಷಿಸಬೇಕು. ಗುಂಡಿಯೊತ್ತಿದರೆ ಬಾಗಿಲು ತೆರೆಯದಿದ್ದರೂ ಎಂಜಿನ್ನು ಹತ್ತುವದಾದರೆ ಹೆಚ್ಚಾಗಿ ಸೆಲ್ಲಿನ ಶಕ್ತಿಯೇ ತೀರಿರುವದು. ಚಿಪ್ಪುಳ್ಳ ಎರಡು ಕೀಲಿಕೈಗಳನ್ನು ಒಂದೇ ಬಳೆಗೆ ಪೋಣಿಸಿದರೂ ಒಮ್ಮೊಮ್ಮೆ ಗೊಂದಲವಾಗುವದು.

ಸೆಲ್ಲನ್ನು ಮನೆಯಲ್ಲಿಯೇ ಬದಲಿಸಬಹುದು. ಬಹಳ ಕೀಲಿಕೈಗಳಿಗೆ ೩ ವೋಲ್ಟಿನ ಸಿ.ಆರ್. ೨೦೩೨ ಬೇಕಾಗುವದು; ಇದರ ಅಡ್ಡಳತೆ ೨೦ ಮಿಲಿಮೀಟರು, ದಪ್ಪ ೩.೨ ಮಿಲಿಮೀಟರು. ಅಂಗಡಿಯವನು ೨೦೨೫ನ್ನು ಕೊಟ್ಟರೆ ಅದು ೨.೫ ಮಿಲಿಮೀಟರು ಮಾತ್ರ ದಪ್ಪವಿದ್ದು ಸಡಿಲವಾಗಿ ಕೂಡುವದು. ಹಳೆಯ ಸೆಲ್ಲನ್ನು ಅಂಗಳದಲ್ಲಿ ಎಸೆಯಲಾಗದು. ಕೂಸುಗಳು ನುಂಗಿದರೆ ಅದು ಎರಡು ತಾಸಿನೊಳಗೇ ಅನ್ನನಾಳವನ್ನು ಸುಡಬಲ್ಲದು. ಅಂಥ ಸಂಶಯ ಬಂದೊಡನೆ, ಮನೆಯ ಔಷಧೋಪಚಾರದಲ್ಲಿ ವೇಳೆಗಳೆಯದೆ, ದವಾಖಾನೆಗೆ ಒಯ್ಯಬೇಕು.

ನೀರು ಹೊಕ್ಕ ಕೀಲಿಕೈಯ ಸೆಲ್ಲನ್ನು ಕೂಡಲೇ ತೆಗೆದು, ಒರಸಿ, ನೆರಳಿನಲ್ಲಿ ಆರಿಸುವದು. ಒಲೆಯ ಮೇಲೆ ಹಿಡಿಯುವವರನ್ನು ನಾನು ಕಂಡಿರುವೆನು. ಕವಚವು ಕರಗಿ ಇದ್ದ ಭಾಗವೂ ಕೆಟ್ಟಿತು.

ಕೀಲಿಕೈ ಕಳೆದಾಗ ಕಂಪನಿಯ ಅಧಿಕೃತ ಕಾರ್ಯಾಗಾರಕ್ಕೆ ನೋಂದಣಿ ಪತ್ರ, ಗುರುತಿನ ಚೀಟಿ ಹಾಗೂ ಉಳಿದ ಕೀಲಿಕೈಯೊಡನೆ ಹೋಗಬೇಕು. ಹೊಸ ಚಿಪ್ಪಿನ ಗುರುತನ್ನು ಗಾಡಿಯ ಕಂಪ್ಯೂಟರಿಗೆ ಕಲಿಸದ ಹೊರತು ಅದು ಪ್ರಯೋಜನಕ್ಕೆ ಬಾರದು. ಅನೇಕ ಗಾಡಿಗಳಲ್ಲಿ ಈ ಕಾಲಕ್ಕೆ ಹಳೆಯ ಗುರುತುಗಳೆಲ್ಲ ಅಳಿಯುವದರಿಂದ, ಇರುವ ಕೀಲಿಕೈಗಳನ್ನೆಲ್ಲ ಒಟ್ಟಿಗೆ ಒಯ್ಯುವದು ಮೇಲು. ಕಳೆದುದರ ಗುರುತನ್ನು ಅಳಿಸಿದ ಮೇಲೆ ಅದರಿಂದ ಎಂಜಿನ್ನು ಹತ್ತದು. ಆದರೆ ಅಲಗಿನಿಂದ ಬಾಗಿಲು ತೆರೆದೀತು. ಕಳುವಿನ ಸಂಶಯವಿದ್ದರೆ ಕೀಲಿಯನ್ನೂ ಬದಲಿಸಬೇಕಾಗುವದು. ಎರಡೂ ಕಳೆದರೆ ವೆಚ್ಚವು ಬಹಳ. ಕೆಲವು ಗಾಡಿಗಳಲ್ಲಿ ಕಂಪ್ಯೂಟರನ್ನೇ ಬದಲಿಸುವ ಪ್ರಸಂಗ ಬರುವದು.

ಇನ್ನೊಂದು ಮಾತು ವಿಮೆಯನ್ನು ಕುರಿತದ್ದು. ಗಾಡಿಯು ಕಳುವಾದಾಗ ವಿಮಾ ಕಂಪನಿಗಳು ಪರಿಹಾರವನ್ನು ಕೊಡುವ ಮುನ್ನ ಸಾಮಾನ್ಯವಾಗಿ ಎರಡೂ ಕೀಲಿಕೈಗಳನ್ನು ಕೇಳುವವು. ಒಂದು ಮೊದಲೇ ಕಳೆದಿದ್ದು, ಅದನ್ನು ಪೋಲೀಸರಿಗಾಗಲಿ ಕಂಪನಿಗಾಗಲಿ ಬರೆದು ತಿಳಿಸದೆ ಇದ್ದವರು ತೊಡಕಿಗೆ ಈಡಾಗುವರು. ಕಳೆದ ದಿನವೇ ಠಾಣೆಗೆ ಅರ್ಜಿ ಕೊಟ್ಟು ಸ್ವೀಕೃತಿಯನ್ನು ಪಡೆದಿಡತಕ್ಕದ್ದು. ಎರಡನೆಯ ಕೀಲಿಕೈಯನ್ನು ಗಾಡಿಯ ಖಾನೆಯಲ್ಲಿಯೇ ಇಡುವ ರೂಢಿಯೂ ನಮ್ಮಲ್ಲಿದೆ. ಅದನ್ನು ಮನೆಯಲ್ಲಿ, ಹೊಲದ ಉತಾರ ಕಾಗದಗಳಿರುವ ಪೆಟ್ಟಿಗೆಯಲ್ಲಿಟ್ಟು, ಎಲ್ಲಿರುವದೆಂಬುದನ್ನು ಮನೆಯವರಿಗೂ ಹೇಳಿರಬೇಕು.